ಏಳಿಂಚಿನ ಪುಲ್ಲಿ

ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅವಳು ಅಟೆಂಡರ್ ಆಗಿ ಐದು ವರ್ಷವಾಗಿತ್ತು. ಬೆಳಿಗ್ಗೆ ಬೀಗ ತೆಗೆದು ಮೇಜು ಒರೆಸುವುದು, ತಕ್ಕಡಿ, ಲೋಲಕ, ಮಸೂರಗಳನ್ನು ಕಪಾಟಿನಿಂದ ಇಳಿಸಿ ಜೋಡಿಸುವುದು, ಸಂಜೆ ಮತ್ತೆ ಒಳಗಿಟ್ಟು ಬೀಗ ಹಾಕುವುದು. ಯಾವ ಸಾಮಾನಿನ ಹೆಸರೇನು, ಅದು ಯಾವ ಕಪಾಟಿನ ಯಾವ ಅರೆಯಲ್ಲಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಅದರಿಂದ ಮಾಡುವುದೇನು ಎಂದು ಕೇಳಿದರೆ ಮಾತ್ರ ನಗುತ್ತಿದ್ದಳು. ಹುಡುಗರು ಅವಳನ್ನು ಅಟೆಂಡರಮ್ಮ ಎಂದು ಕರೆಯುತ್ತಿದ್ದರು.

ವಿಜ್ಞಾನದ ಪರೀಕ್ಷೆ ಪಾಸು ಮಾಡಿದ ಅಟೆಂಡರುಗಳನ್ನು ಲ್ಯಾಬ್ ಅಸಿಸ್ಟೆಂಟ್ ಮಾಡುತ್ತಾರೆ ಎಂಬ ಸುತ್ತೋಲೆ ಬಂದಾಗ ಅವಳಿಗೆ ಮೂವತ್ತಾರು ವರ್ಷ. ಅವಳು ಅದನ್ನು ಓದಿ ಸುಮ್ಮನಾಗಿದ್ದಳು. ಬೆನ್ನು ಹತ್ತಿದವನು ಅವಳ ಅಣ್ಣ.

"ಓದು ಪುಟ್ಟಿ. ಚಿಕ್ಕವಳಿದ್ದಾಗ ಲೆಕ್ಕದಲ್ಲಿ ನೀನೇ ಮುಂದೆ ಇದ್ದೆ. ಇನ್ನೊಬ್ಬರ ಮೇಜು ಒರೆಸ್ಕೊಂಡೇ ಮುದುಕಿ ಆಗ್ತೀಯಾ?" ಎಂದಿದ್ದ.

ಅಣ್ಣ ಅವಳಿಗಿಂತ ಹದಿನೆಂಟು ವರ್ಷ ದೊಡ್ಡವನು. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವಳನ್ನು ಎತ್ತಿ ಆಡಿಸಿದವನು, ಜಡೆ ಹಾಕಿ ಶಾಲೆಗೆ ಬಿಟ್ಟವನು, ತಾನು ಕೆಲಸ ಮಾಡುವ ಕಾರ್ಖಾನೆಯಲ್ಲೇ ಇದ್ದ ಹುಡುಗನನ್ನು ನೋಡಿ ಮದುವೆ ಮಾಡಿದವನು. ಈ ಅಟೆಂಡರ್ ಕೆಲಸವನ್ನೂ ಅವನೇ ಓಡಾಡಿ ಕೊಡಿಸಿದ್ದ. ಪ್ರತಿ ಭಾನುವಾರ ಹಣ್ಣಿನ ಚೀಲ ಹಿಡಿದು ಬರುತ್ತಿದ್ದ. ಸೋರುವ ನಲ್ಲಿ, ಅಲುಗಾಡುವ ಕುರ್ಚಿ, ಹಿಡಿಕೆ ಕಿತ್ತ ಬಾಗಿಲು, ಏನಾದರೊಂದು ರಿಪೇರಿ ಮಾಡದೆ ಹೋಗುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಯಂತ್ರ ಬಿಚ್ಚಿ ಜೋಡಿಸುವ, ಕೈ ಸುಮ್ಮನಿರದ ಫಿಟ್ಟರ್ ಅವನು.

ಅವನ ಭಾವ, ಅಂದರೆ ಅವಳ ಗಂಡ, ಆ ಹೊತ್ತಿನಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದ. ಆರು ವರ್ಷದಿಂದ ಅವನು ಹೆಚ್ಚು ಕಡಿಮೆ ಅಲ್ಲೇ ಕೂತಿದ್ದ.

ಕಾರ್ಖಾನೆಯಲ್ಲಿ ಅವನನ್ನು ಕಿಡಿ ಎಂದು ಕರೆಯುತ್ತಿದ್ದರು. ಎರಕ ಹೊಯ್ದ ಕಬ್ಬಿಣದ ತುಂಡುಗಳ ಅಂಚನ್ನು ಉಜ್ಜುವ ಚಕ್ರಕ್ಕೆ ಹಿಡಿದು ನುಣುಪು ಮಾಡುವುದು ಅವನ ಕೆಲಸ. ಹನ್ನೊಂದು ವರ್ಷ ಆ ಚಕ್ರದ ಮುಂದೆ ನಿಂತಿದ್ದ. ಕಿಡಿ ಹಾರುವ ರೀತಿ ನೋಡಿಯೇ ಇದು ಯಾವ ಕಬ್ಬಿಣ ಎಂದು ಹೇಳುತ್ತಾನೆ ಎಂದು ಅವನ ಖ್ಯಾತಿ. ಒಂದು ದಿನ ಬೆಳಿಗ್ಗೆ, ಹೊಸ ಚಕ್ರ ಕೂರಿಸಿ ಹತ್ತು ನಿಮಿಷವಾಗಿರಲಿಲ್ಲ, ಅದು ಸಿಡಿದು ಮೂರು ಹೋಳಾಯಿತು. ಒಂದು ಹೋಳು ಛಾವಣಿಯ ತಗಡು ಸೀಳಿಕೊಂಡು ಹೋಯಿತು. ಒಂದು ಅವನ ಬಲಗೈಯ ಮೂರು ಬೆರಳು ತೆಗೆದುಕೊಂಡಿತು. ಚೂರೊಂದು ಕನ್ನಡಕ ಒಡೆದು ಬಲಗಣ್ಣಿಗೆ ಹೊಕ್ಕಿತು.

ವಿಚಾರಣೆ ನಡೆಯಿತು. ಯಂತ್ರ ಅಳೆದರು, ಫೋಟೋ ತೆಗೆದರು. ಯಂತ್ರದಲ್ಲಿ ಯಾವ ದೋಷವೂ ಇಲ್ಲ, ಕೆಲಸಗಾರ ತುಂಡನ್ನು ಚಕ್ರದ ಮಗ್ಗುಲಿಗೆ ಒತ್ತಿ ಹಿಡಿದದ್ದರಿಂದ ಹೀಗಾಗಿದೆ, ಇದಕ್ಕೆ ಕಾರಣ ಅವನ ಸ್ವಂತ ಅಜಾಗರೂಕತೆ ಎಂದು ವರದಿ ಬಂತು. ಅವನಿಗೆ ಆ ಬೆಳಗಿನದು ಅರ್ಧಂಬರ್ಧ ನೆನಪು. ಮಗ್ಗುಲಿಗೆ ಒತ್ತಿದೆನೋ ಇಲ್ಲವೋ ಎಂದು ಮೊದಮೊದಲು ಯೋಚಿಸುತ್ತಿದ್ದ. ಆಮೇಲೆ, ಒತ್ತಿರಬೇಕು, ಅಷ್ಟು ಜನ ಓದಿದವರು ಸುಳ್ಳು ಬರೆಯುತ್ತಾರೆಯೇ ಎಂದುಕೊಂಡ. ಜೊತೆಗಾರರು ಮೊದಮೊದಲು ನೋಡಲು ಬರುತ್ತಿದ್ದರು. ಒಬ್ಬ ತಮಾಷೆಗೆ, "ಏನೋ ಕಿಡಿ, ನಿದ್ದೆ ಮಾಡ್ತಿದ್ಯಾ ಆವತ್ತು?" ಎಂದ. ಅವತ್ತಿನಿಂದ ಅವನು ಹೊರಗೆ ಹೋಗುವುದನ್ನೇ ಬಿಟ್ಟ.

ಅವಳೂ ಅಂದಿದ್ದಳು. ಒಂದು ಸಲ ಅಲ್ಲ. ನೀರು ಬರದ ದಿನ, ಬಸ್ಸು ತಪ್ಪಿದ ದಿನ, ಮನೆ ಹೊರಗೆ ಎರಡೂ ಕಡೆ ದುಡಿದು ಸೊಂಟ ಬಿದ್ದುಹೋದ ದಿನ ಬಾಯಿಂದ ಬಂದುಬಿಡುತ್ತಿತ್ತು. "ನೀವು ಆವತ್ತು ಒಂದು ಗಳಿಗೆ ನೆಟ್ಟಗೆ ನಿಂತು ಕೆಲಸ ಮಾಡಿದ್ದಿದ್ರೆ ನನಗೆ ಈ ಗತಿ ಬರ್ತಿತ್ತಾ?" ಅವನು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ.

*

ಕೆಲಸಕ್ಕೆ ಹೋಗುವವರಿಗೆಂದೇ ಕಾಲೇಜಿನಲ್ಲಿ ನಾಲ್ಕೂವರೆಗೆ ತರಗತಿ ಶುರುವಾಗುತ್ತಿತ್ತು. ಪಾಠ ಮಾಡುತ್ತಿದ್ದ ಮೇಷ್ಟ್ರು ನಿವೃತ್ತಿಯ ಅಂಚಿನಲ್ಲಿದ್ದವರು, ಮೆತ್ತಗೆ ಮಾತಾಡುವವರು. ಚಲನೆ, ಬಲ, ಶಕ್ತಿ ಎಲ್ಲವೂ ಹೇಗೋ ಅವಳ ತಲೆಗೆ ಹತ್ತಿದವು. ಕೋನೀಯ ವೇಗಕ್ಕೆ ಬಂದಾಗ ಗಾಡಿ ಕೆಸರಿಗೆ ಸಿಕ್ಕಿತು.

ನಿಮಿಷಕ್ಕೆ ಇಷ್ಟು ಸುತ್ತು ಎಂದು ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಅದನ್ನು ಸೆಕೆಂಡಿಗೆ ಇಷ್ಟು ರೇಡಿಯನ್ ಎಂದು ಮಾಡಿಕೊಳ್ಳಬೇಕು. ಅವಳು ಅರವತ್ತರಿಂದ ಭಾಗಿಸುವುದನ್ನು ಮರೆಯುತ್ತಿದ್ದಳು. ಅದು ನೆನಪಾದ ದಿನ ತ್ರಿಜ್ಯದ ಬದಲು ವ್ಯಾಸ ಹಾಕುತ್ತಿದ್ದಳು. ಒಂದು ಸಲ ಅವಳ ಲೆಕ್ಕದಲ್ಲಿ ಫ್ಯಾನಿನ ರೆಕ್ಕೆಯ ತುದಿ ವಿಮಾನಕ್ಕಿಂತ ಜೋರಾಗಿ ಓಡಿತು. ಮೇಷ್ಟ್ರು ಉತ್ತರ ನೋಡಿ, "ಈ ಫ್ಯಾನಿನ ಕೆಳಗೆ ಕೂತ್ರೆ ಮೈಮೇಲೆ ಬಟ್ಟೆ ಉಳಿಯಲ್ಲಮ್ಮ" ಎಂದರು.

ಅವಳಿಗೆ ಹಿಡಿಯದೇ ಇದ್ದದ್ದು ಇನ್ನೊಂದು. ಒಂದೇ ಚಕ್ರ, ಒಂದೇ ಕೋನೀಯ ವೇಗ. ಹಾಗಿದ್ದ ಮೇಲೆ ಅಂಚಿಗೊಂದು ವೇಗ, ನಡುವಿಗೊಂದು ವೇಗ ಹೇಗೆ? ಮೇಷ್ಟ್ರು ತರಗತಿಯ ಬಾಗಿಲ ಹತ್ತಿರ ಹೋಗಿ ಅದನ್ನು ನಿಧಾನವಾಗಿ ಮುಚ್ಚಿದರು.

"ಕೀಲಿನ ಹತ್ತಿರ ನೋಡಿ, ಎಷ್ಟು ದೂರ ಹೋಯ್ತು? ಒಂದು ಗೇಣು. ಹಿಡಿಕೆ ಎಷ್ಟು ದೂರ ಹೋಯ್ತು? ನಾಲ್ಕೈದು ಅಡಿ. ತಿರುಗಿದ ಕೋನ ಎರಡಕ್ಕೂ ಒಂದೇ, ತಗೊಂಡ ಹೊತ್ತೂ ಒಂದೇ. ನಡುವಿನಿಂದ ದೂರ ಹೋದಷ್ಟೂ ಓಟ ಜಾಸ್ತಿ. ಒಮೇಗಾವನ್ನ, ಅಂದ್ರೆ ಕೋನೀಯ ವೇಗವನ್ನ, ತ್ರಿಜ್ಯದಿಂದ ಗುಣಿಸಿ ಅನ್ನೋದು ಇಷ್ಟಕ್ಕೇ."

ಅದು ಅರ್ಥವಾಯಿತು. ಅರ್ಥವಾದ ಖುಷಿಗೆ ಮನೆಗೆ ಬಂದವಳೇ ಗಂಡನ ಮುಂದೆ ಪುಸ್ತಕ ತೆರೆದಳು. ಪುಸ್ತಕದ ಲೆಕ್ಕಗಳಲ್ಲಿ ಬರುವ ಚಕ್ರಗಳು ಅವಳಿಗೆ ಕಣ್ಣಿಗೆ ಕಟ್ಟುತ್ತಿರಲಿಲ್ಲ. ನಿಜವಾದ ಒಂದು ಚಕ್ರದ ಅಳತೆ ಬೇಕಿತ್ತು. ಆರು ವರ್ಷದಲ್ಲಿ ಅವಳು ಆ ಯಂತ್ರದ ಬಗ್ಗೆ ಅವನನ್ನು ಕೇಳಿದ್ದು ಅದೇ ಮೊದಲು.

"ನಿಮ್ಮ ಚಕ್ರ ಎಷ್ಟು ದೊಡ್ಡದಿತ್ತು?"

ಅವನು ಕಿಟಕಿಯಿಂದ ಮುಖ ತಿರುಗಿಸಿ ಅವಳನ್ನು ನೋಡಿದ. ಕೆಣಕುತ್ತಿದ್ದಾಳೋ ಎಂದು ಒಂದು ಕ್ಷಣ ಅನುಮಾನಪಟ್ಟಂತೆ ಕಂಡಿತು. ಆಮೇಲೆ ಹೇಳಿದ. ಹೊಸದು ಹದಿನಾರು ಇಂಚು, ನಲವತ್ತು ಸೆಂಟಿಮೀಟರ್. ಮೋಟಾರು ನಿಮಿಷಕ್ಕೆ ಸಾವಿರದ ನಾನೂರ ನಲವತ್ತು ಸುತ್ತು. ಮೋಟಾರಿಗೆ ನಾಲ್ಕಿಂಚಿನ ಪುಲ್ಲಿ, ಅಂದರೆ ಬೆಲ್ಟು ಓಡುವ ಗಾಲಿ, ಚಕ್ರದ ಕಡೆಗೂ ನಾಲ್ಕಿಂಚಿನ ಪುಲ್ಲಿ, ನಡುವೆ ಬೆಲ್ಟು. ಎರಡೂ ಸಮ ಇರುವುದರಿಂದ ಚಕ್ರವೂ ಅಷ್ಟೇ ತಿರುಗುತ್ತದೆ, ಮೋಟಾರಿನದು ದೊಡ್ಡದಾದರೆ ಚಕ್ರ ಇನ್ನೂ ಜೋರು. ಚಕ್ರದ ಮೇಲೆ ಅಂಟಿಸಿದ ಕಾಗದದಲ್ಲಿ ಅಂಚಿನ ವೇಗ ಸೆಕೆಂಡಿಗೆ ಮೂವತ್ತೈದು ಮೀಟರ್ ದಾಟಬಾರದು ಎಂದು ಬರೆದಿರುತ್ತದೆ. ಹೇಳುತ್ತಾ ಹೋದ ಹಾಗೆ ಅವನ ದನಿ ಗಟ್ಟಿಯಾಯಿತು. ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಚಿತ್ರವನ್ನೂ ಬರೆದ.

ಅವಳು ಲೆಕ್ಕ ಹಾಕಿದಳು. ಸೆಕೆಂಡಿಗೆ ಇಪ್ಪತ್ನಾಲ್ಕು ಸುತ್ತು, ಅಂದರೆ ನೂರೈವತ್ತು ರೇಡಿಯನ್ ಚಿಲ್ಲರೆ. ಅದಕ್ಕೆ ಇಪ್ಪತ್ತು ಸೆಂಟಿಮೀಟರ್ ತ್ರಿಜ್ಯ. ಮೂವತ್ತು ಮೀಟರ್.

"ಮೂವತ್ತು. ಮೂವತ್ತೈದಕ್ಕಿಂತ ಕಡಿಮೇನೇ ಇದೆಯಲ್ಲ?"

"ಅದಕ್ಕೇ ತಾನೇ ತಪ್ಪು ನಂದು ಅಂತ ಬರೆದಿದ್ದು" ಎಂದ ಅವನು. ಆಮೇಲೆ ತಾನಾಗಿಯೇ ಸೇರಿಸಿದ. "ಚಕ್ರ ಸವೆದಂಗೆಲ್ಲ ಕಡಿಯೋದು ಕಮ್ಮಿ ಆಗುತ್ತೆ. ಅದೇ ಸುತ್ತು, ಆದ್ರೆ ಕಚ್ಚಲ್ಲ. ಯಾಕೆ ಅಂತ ಇವತ್ತು ಗೊತ್ತಾಯ್ತು ನೋಡು, ತ್ರಿಜ್ಯ. ಆ ಹಳೇ ಚಕ್ರ ಒಂದೇ ನಂಗೆ ಅರ್ಥ ಆಗ್ಲಿಲ್ಲ. ಸವೆದು ಒಂಬತ್ತೂವರೆ ಇಂಚಿಗೆ ಬಂದಿತ್ತು. ಸತ್ತೇ ಹೋಗಿತ್ತು. ಹೊಸ ಚಕ್ರ ಇನ್ನೂ ಬಂದಿಲ್ಲ, ಮಾಲು ರಾಶಿ ಬಿದ್ದಿದೆ, ಸೂಪರ್ವೈಸರ್ ದಿನಾ ಬಂದು ಕೂಗಾಡೋನು. ನಿಮ್ಮಣ್ಣ ಒಂದಿನ ಮಧ್ಯಾಹ್ನ ಯಂತ್ರ ಬಿಚ್ಚಿ ಸರ್ವೀಸ್ ಮಾಡಿದ. ಬೇರಿಂಗಿಗೆ ಗ್ರೀಸ್ ಹಾಕಿದೀನಿ, ಬೆಲ್ಟ್ ಬದಲಾಯಿಸಿದೀನಿ ಅಂದ. ಆಮೇಲೆ ಹದಿನೈದು ದಿನ ಆ ಮುದಿ ಚಕ್ರ ಹೊಸದರ ಥರ ಕಡೀತು. ಏನು ಕೈಗುಣ ಅಂತೀಯ ಭಾವಂದು."

ಅವಳೂ ನಕ್ಕಳು. ಬಹಳ ದಿನದ ಮೇಲೆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕಿದ್ದರು.

*

ಮಾರನೆಯ ದಿನ ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಡಬ್ಬಿ ತೆರೆದು ಊಟ ಮಾಡುತ್ತಾ ಅವಳು ಆ ಮುದಿ ಚಕ್ರದ ಲೆಕ್ಕವನ್ನೂ ಹಾಕಿ ನೋಡೋಣ ಎಂದುಕೊಂಡಳು. ಅಭ್ಯಾಸಕ್ಕೆ, ಅಷ್ಟೇ. ಒಂಬತ್ತೂವರೆ ಇಂಚು ಎಂದರೆ ಇಪ್ಪತ್ನಾಲ್ಕು ಸೆಂಟಿಮೀಟರ್, ತ್ರಿಜ್ಯ ಹನ್ನೆರಡು. ಅದೇ ನೂರೈವತ್ತು ರೇಡಿಯನ್. ಅಂಚಿನ ವೇಗ ಹದಿನೆಂಟು ಮೀಟರ್ ಬಂತು.

ಹದಿನೆಂಟರಲ್ಲಿ ಅದು ಹೊಸದರ ಥರ ಕಡಿಯುವುದು ಹೇಗೆ? ಹೊಸದಕ್ಕೆ ಮೂವತ್ತು ಇರುತ್ತದೆ. ಗ್ರೀಸ್ ಹಾಕಿದರೆ ಮೋಟಾರಿನ ಸುತ್ತು ಹೆಚ್ಚುವುದಿಲ್ಲ. ಅಣ್ಣನ ಕೈಗುಣಕ್ಕೆ ಸೂತ್ರದಲ್ಲಿ ಜಾಗವಿರಲಿಲ್ಲ.

ಅವಳು ಲೆಕ್ಕವನ್ನು ಹಿಂದುಮುಂದು ಮಾಡಿದಳು. ಅಂಚಿನ ವೇಗ ಮೂವತ್ತು ಇರಲಿ, ತ್ರಿಜ್ಯ ಹನ್ನೆರಡು ಸೆಂಟಿಮೀಟರ್. ಕೋನೀಯ ವೇಗ ಇನ್ನೂರ ಐವತ್ತು. ನಿಮಿಷಕ್ಕೆ ಹೆಚ್ಚುಕಡಿಮೆ ಎರಡು ಸಾವಿರದ ನಾನೂರು ಸುತ್ತು. ಮೋಟಾರು ಬದಲಾಗಿಲ್ಲ. ಚಕ್ರ ಅಷ್ಟು ತಿರುಗಬೇಕೆಂದರೆ ಮೋಟಾರಿನ ಪುಲ್ಲಿ ನಾಲ್ಕಿಂಚಿನದಾಗಿರಲು ಸಾಧ್ಯವಿಲ್ಲ, ಆರೂವರೆ ದಾಟಿರಬೇಕು. ಸ್ಟೋರಿನಲ್ಲಿ ನಾಲ್ಕು, ಐದು, ಏಳು, ಒಂಬತ್ತು ಇಂಚಿನ ಪುಲ್ಲಿಗಳಿರುತ್ತವೆ ಎಂದು ಗಂಡ ಹೇಳಿದ್ದ. ಏಳು.

ಏಳಿಂಚಿನ ಪುಲ್ಲಿ ಹಾಕಿದರೆ ಸೆಕೆಂಡಿಗೆ ನಲವತ್ತೆರಡು ಸುತ್ತು. ಇನ್ನೂರ ಅರವತ್ತಮೂರು ರೇಡಿಯನ್ ಚಿಲ್ಲರೆ. ಆ ಪುಲ್ಲಿ ಇರುವಾಗಲೇ ಹದಿನೈದು ದಿನದ ನಂತರ ಹದಿನಾರು ಇಂಚಿನ ಹೊಸ ಚಕ್ರ ಕೂತಿತು. ತ್ರಿಜ್ಯ ಇಪ್ಪತ್ತು.

ಐವತ್ತೆರಡೂ ಮುಕ್ಕಾಲು ಮೀಟರ್. ಚಕ್ರದ ಕಾಗದದಲ್ಲಿದ್ದ ಮಿತಿ ಮೂವತ್ತೈದು.

ಅವಳು ಅರವತ್ತರಿಂದ ಭಾಗಿಸಿದ್ದೇನೆಯೇ ಎಂದು ನೋಡಿದಳು. ತ್ರಿಜ್ಯವೋ ವ್ಯಾಸವೋ ಎಂದು ನೋಡಿದಳು. ಹಾಳೆ ಹರಿದು ಹೊಸದರಲ್ಲಿ ಮತ್ತೆ ಮಾಡಿದಳು. ಅದೇ ಬಂತು. ಡಬ್ಬಿಯಲ್ಲಿದ್ದ ಊಟ ಹಾಗೇ ಉಳಿಯಿತು.

*

ಪಾಳಿ ಬಿಡುವ ಹೊತ್ತಿಗೆ ಅವಳು ಕಾರ್ಖಾನೆಯ ಗೇಟಿನ ಹತ್ತಿರ ನಿಂತಿದ್ದಳು. ಅಣ್ಣ ಸೈಕಲ್ ಸ್ಟ್ಯಾಂಡಿನಿಂದ ಸೈಕಲ್ ತೆಗೆಯುತ್ತಾ ಅವಳನ್ನು ನೋಡಿ ಗಾಬರಿಯಾದ.

"ಏನು ಪುಟ್ಟಿ, ಇಲ್ಲಿಗೆ ಬಂದಿದೀಯ? ಭಾವನಿಗೆ ಏನಾದ್ರೂ ಆಯ್ತಾ?"

"ಏನೂ ಆಗಿಲ್ಲ. ಒಂದು ಕೇಳ್ಬೇಕಿತ್ತು. ಮೋಟಾರಿಗೆ ಹಾಕಿದ್ದು ಏಳಿಂಚಿನದಾ?"

ಯಾವ ಮೋಟಾರು, ಏನು ಏಳಿಂಚು ಎಂದು ಅವನು ಕೇಳಬೇಕಿತ್ತು. ಕೇಳಲಿಲ್ಲ. ಸೈಕಲ್ಲಿಗೆ ಮತ್ತೆ ಸ್ಟ್ಯಾಂಡ್ ಹಾಕಿದ. ಗೋಡೆಯ ಪಕ್ಕದ ಸಿಮೆಂಟಿನ ಕಟ್ಟೆಯ ಮೇಲೆ ಕೂತ.

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಲೆಕ್ಕ ಹಾಕಿದೆ."

ಅವನು ಅವಳ ಮುಖ ನೋಡಲಿಲ್ಲ. ತನ್ನ ಕೈಗಳನ್ನು ನೋಡಿಕೊಳ್ಳುತ್ತಾ ಹೇಳಿದ. ಸೂಪರ್ವೈಸರ್ ಹೇಳಿದ್ದಕ್ಕೆ ಹಾಕಿದ್ದು. ಸವೆದ ಚಕ್ರಕ್ಕೆ ಅದರಿಂದ ಏನೂ ಅಪಾಯವಿರಲಿಲ್ಲ. ಹೊಸ ಚಕ್ರ ಬಂದ ಕೂಡಲೇ ಹಳೆಯ ಪುಲ್ಲಿ ವಾಪಸ್ ಹಾಕುವುದು ಎಂದು ಮಾತಾಗಿತ್ತು. ಹೊಸ ಚಕ್ರ ಬಂದ ದಿನ ಅವನು ರಜೆಯಲ್ಲಿದ್ದ. ಯಾರಿಗೂ ಹೇಳಿಟ್ಟಿರಲಿಲ್ಲ, ಸುತ್ತು ಏರಿಸಿದ್ದು ಗೊತ್ತಾದರೆ ಸುಮ್ಮನೆ ರಗಳೆ ಎಂದು ಸೂಪರ್ವೈಸರ್ ಬಾಯಿ ಮುಚ್ಚಿಸಿದ್ದ.

"ಅಳತೆ ತಗೊಂಡಾಗ ನಾಲ್ಕಿಂಚಿನದು ಇತ್ತು ಅಂತ ವರದೀಲಿ ಇದೆಯಲ್ಲ ಅಣ್ಣ. ಫೋಟೋದಲ್ಲೂ ಇತ್ತು."

ಪಾಳಿಯ ಜನ ಎಲ್ಲ ಹೊರಟುಹೋಗಿ ಸ್ಟ್ಯಾಂಡಿನಲ್ಲಿ ಅವನ ಸೈಕಲ್ ಒಂದೇ ಉಳಿಯಿತು.

"ಆವತ್ತು ಸಾಯಂಕಾಲ ಕರೆಸಿದ್ರು. ನಾನು ಆಸ್ಪತ್ರೆಯಿಂದಲೇ ಹೋದೆ. ಭಾವನಿಗೆ ಇನ್ನೂ ಆಪರೇಷನ್ ನಡೀತಿತ್ತು. ಹೋಗಿ ಬದಲಾಯಿಸಿ ಬಂದೆ."

"ಆಮೇಲೆ ವಾಪಸ್ ಬಂದು ನನ್ನ ಪಕ್ಕದಲ್ಲಿ ಕೂತೆ."

"ಕೂತೆ."

ಅವಳಿಗೆ ಆ ಸಂಜೆ ನೆನಪಿತ್ತು. ಅಣ್ಣನ ಕೈ ಗ್ರೀಸಾಗಿತ್ತು. ಅವಳ ತಲೆ ನೇವರಿಸಲು ಹೋಗಿ, ಕೈ ನೋಡಿಕೊಂಡು ಹಿಂದೆ ತೆಗೆದುಕೊಂಡಿದ್ದ.

"ಭಾವನಿಗೆ ಹೇಳಬೇಡ ಪುಟ್ಟಿ. ಹೇಳಿದ್ರೆ ಕಣ್ಣು ಬರುತ್ತಾ? ನಾನು ಆರು ವರ್ಷದಿಂದ ನಿಮ್ಮ ಮನೆಗೆ ಬರ್ತಿದೀನಲ್ಲ, ಒಂದು ವಾರನಾದ್ರೂ ತಪ್ಪಿಸಿದೀನಾ?"

"ನಲ್ಲಿ ರಿಪೇರಿ ಮಾಡಿಕೊಟ್ಟೆ" ಎಂದಳು ಅವಳು. "ಇದನ್ನ ಬರೆದು ಸಹಿ ಹಾಕಿ ಕೊಡ್ತೀಯಾ?"

"ಆ ಸೂಪರ್ವೈಸರ್ ಈಗ ಮ್ಯಾನೇಜರ್. ನಂಗೆ ಇನ್ನೂ ನಾಲ್ಕು ವರ್ಷ ಸರ್ವೀಸ್ ಇದೆ."

ಅವಳು ತಿರುಗಿ ನಡೆದಳು. ಅವನು ಸೈಕಲ್ ತಳ್ಳಿಕೊಂಡು ಬಸ್ ನಿಲ್ದಾಣದವರೆಗೂ ಹಿಂದೆಯೇ ಬಂದ. ಬಸ್ಸು ಬಂದಾಗ, ಚಿಕ್ಕಂದಿನಿಂದ ಹೇಳುತ್ತಿದ್ದ ಹಾಗೆ, "ಹುಷಾರಾಗಿ ಹತ್ತು" ಎಂದ.

*

ಗಂಡನಿಗೆ ಹೇಳಿದಾಗ ಅವನು ಕೂಗಾಡುತ್ತಾನೆ, ಇಲ್ಲವೇ ಅಳುತ್ತಾನೆ ಎಂದುಕೊಂಡಿದ್ದಳು. ಅವನು ಹಾಳೆ ಕೇಳಿದ. ಕಿಟಕಿಯ ಬೆಳಕಿಗೆ ಹಿಡಿದು, ಇದ್ದ ಒಂದು ಕಣ್ಣಿನಿಂದ ಸಾಲು ಸಾಲಾಗಿ ಓದಿದ. ಅರ್ಥವಾಗದ ಕಡೆ ಬೆರಳಿಟ್ಟು ಕೇಳಿದ. ಅವಳು ಮೇಷ್ಟ್ರು ಹೇಳಿಕೊಟ್ಟ ಹಾಗೇ ಹೇಳಿದಳು. ಕೊನೆಯ ಸಾಲಿಗೆ ಬಂದು ಐವತ್ತೆರಡೂ ಮುಕ್ಕಾಲು ಎಂದು ಎರಡು ಸಲ ಓದಿಕೊಂಡ.

"ಶಬ್ದ ಸಣ್ಣಗೆ ಶಿಳ್ಳೆ ಥರ ಬರ್ತಿತ್ತು. ಹೊಸ ಗ್ರೀಸು ಅಂತ ಅಂದ್ಕೊಂಡೆ" ಎಂದ. ಆಮೇಲೆ ಹಾಳೆಯನ್ನು ಅವಳ ಕೈಗೆ ಕೊಟ್ಟ. "ಹಾಗಾದ್ರೆ ನಾನು ನೆಟ್ಟಗೇ ನಿಂತಿದ್ದೆ."

ಅವಳ ಮಾತನ್ನೇ ಅವನು ತಿರುಗಿಸಿ ಹೇಳಿದ್ದ. ಅವಳು ಅಡುಗೆಮನೆಗೆ ಹೋಗಿ ನೀರು ಕುಡಿದಳು.

ಮರುದಿನ ಹಾಳೆಯನ್ನು ಮೇಷ್ಟ್ರಿಗೆ ತೋರಿಸಿದಳು. ಯಾರದು, ಏನು ಎಂದು ಮೊದಲು ಹೇಳಲಿಲ್ಲ. ಅವರು ಕೆಂಪು ಪೆನ್ನು ಹಿಡಿದು ಪ್ರತಿ ಹೆಜ್ಜೆಗೂ ಸರಿ ಗುರುತು ಹಾಕುತ್ತಾ ಹೋದರು. "ಬಹಳ ಚೆನ್ನಾಗಿದೆಯಮ್ಮ. ಹಿಂದಿನಿಂದ ಬಂದು ಪುಲ್ಲಿ ಕಂಡುಹಿಡಿದಿದೀರಿ. ಇದನ್ನ ಪುಸ್ತಕದಲ್ಲಿ ಕೇಳಲ್ಲ" ಎಂದು ಕೊನೆಯಲ್ಲಿ ಹತ್ತಕ್ಕೆ ಹತ್ತು ಎಂದು ಬರೆದು ಸುತ್ತಿದರು. ಆಮೇಲೆ ಅವಳು ವಿಷಯ ಹೇಳಿದಳು. ಅವರ ಮುಖ ಸಣ್ಣದಾಯಿತು. ತಾವು ಬರೆದ ಹತ್ತನ್ನು ಬೆರಳಿಂದ ಉಜ್ಜಿದರು. ಶಾಯಿ ಹರಡಿತೇ ಹೊರತು ಹೋಗಲಿಲ್ಲ.

"ಲೆಕ್ಕ ಸರಿಯಾಗಿದೆ ಅಂತ ನಾನು ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಆದ್ರೆ ಇದು ನಿಂತಿರೋದು ಆ ಹಳೇ ಚಕ್ರ ಹೊಸದರ ಥರ ಕಡೀತು ಅನ್ನೋ ಒಂದು ಮಾತಿನ ಮೇಲೆ. ಆ ಮಾತನ್ನ ಅವರು ಒಪ್ಪಬೇಕಲ್ಲಮ್ಮ."

*

ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಇನ್ನೂ ಮೂವತ್ತು ದಾಟದವನು. ಅಪಘಾತದ ಕಾಲಕ್ಕೆ ಅವನು ಅಲ್ಲಿರಲಿಲ್ಲ. ಇಬ್ಬರಿಗೂ ಕುರ್ಚಿ ಕೊಟ್ಟ, ನೀರು ತರಿಸಿದ. ಹಾಳೆಯನ್ನು ಗಮನವಿಟ್ಟು ಓದಿದ. ಗಂಡ ಕಪ್ಪು ಕನ್ನಡಕ ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೆಟ್ಟಗೆ ಕೂತಿದ್ದ. ಆರು ವರ್ಷದ ಮೇಲೆ ಅವನು ಆ ಗೇಟು ದಾಟಿ ಒಳಗೆ ಬಂದಿದ್ದ.

"ಲೆಕ್ಕದಲ್ಲಿ ತಪ್ಪಿಲ್ಲ" ಎಂದ ಅಧಿಕಾರಿ. ಹಳೆಯ ಕಡತ ತೆಗೆದು ಫೋಟೋ ತೋರಿಸಿದ. ಪುಲ್ಲಿಯ ಮೇಲೆ ಅಳತೆಪಟ್ಟಿ ಇಟ್ಟು ತೆಗೆದದ್ದು. ನಾಲ್ಕು ಇಂಚು. "ನೀವು ಹೇಳ್ತಿರೋದು ಊಹೆ, ಇದು ಸಾಕ್ಷಿ. ನಾನೇನು ಮಾಡ್ಲಿ ಹೇಳಿ?"

"ಹಾಕಿದವರನ್ನೇ ಕೇಳಿ. ಇಲ್ಲೇ ಕೆಲಸ ಮಾಡ್ತಿದ್ದಾರೆ" ಎಂದಳು ಅವಳು.

ಅಣ್ಣನನ್ನು ಕರೆಸಿದರು. ಅವನು ಕೆಲಸದ ಬಟ್ಟೆಯಲ್ಲೇ ಬಂದು ಬಾಗಿಲ ಹತ್ತಿರ ನಿಂತ. ಕೂರಲು ಹೇಳಿದರೂ ಕೂರಲಿಲ್ಲ. ತಂಗಿ ಅವನನ್ನೇ ನೋಡುತ್ತಿದ್ದಳು. ಗೇಟಿನ ಹತ್ತಿರ ಅಷ್ಟು ಹೇಳಿದವನು ಇಲ್ಲಿ ಸುಳ್ಳು ಹೇಳಲಾರ ಎಂಬ ನಂಬಿಕೆ ಅವಳಿಗೆ ಆ ಗಳಿಗೆಯವರೆಗೂ ಇತ್ತು.

"ನಾಲ್ಕಿಂಚೇ ಇತ್ತು ಸಾರ್" ಎಂದ ಅವನು. "ನಾನು ಬೆಲ್ಟ್ ಬದಲಾಯಿಸಿ ಗ್ರೀಸ್ ಹಾಕಿದ್ದೆ, ಅಷ್ಟೇ."

ಅಧಿಕಾರಿ ಬರೆದುಕೊಂಡ. ಆಗ ಗಂಡ ಬಾಯಿ ತೆರೆದ. ದನಿ ಎತ್ತರಿಸಲಿಲ್ಲ.

"ಎಷ್ಟು ಉದ್ದದ ಬೆಲ್ಟು, ಭಾವ?"

ಅಣ್ಣ ಕೈಗಳನ್ನು ಬಟ್ಟೆಗೆ ಒರೆಸಿಕೊಂಡ.

"ಪುಲ್ಲಿ ಅದೇ ಇದ್ದಿದ್ರೆ ಬೆಲ್ಟೂ ಅದೇ ಅಳತೇದು ಬರ್ಬೇಕು. ಏಳಿಂಚಿನದು ಹಾಕಿದ್ರೆ ಐದಿಂಚು ಉದ್ದ ಜಾಸ್ತಿ ಬೇಕು. ಸ್ಟೋರಿನಿಂದ ಯಾವುದು ತಗೊಂಡೆ? ರಿಜಿಸ್ಟರಿನಲ್ಲಿ ಇರುತ್ತಲ್ಲ."

ಅಧಿಕಾರಿಯೂ ಪೆನ್ನು ನಿಲ್ಲಿಸಿ ಅಣ್ಣನ ಕಡೆ ನೋಡಿದ. ಫೋನು ತೆಗೆದು ಸ್ಟೋರಿಗೆ ಮಾತಾಡಿದ. ಕೆಳಗಿಟ್ಟ ಮೇಲೆ ನಿಜವಾಗಿಯೂ ಬೇಸರವಾದವನಂತೆ ಹೇಳಿದ. "ಐದು ವರ್ಷಕ್ಕಿಂತ ಹಳೇ ರಿಜಿಸ್ಟರ್ ಇಟ್ಕೊಳ್ಳಲ್ವಂತೆ. ಹೋದ ವರ್ಷ ರದ್ದಿಗೆ ಹಾಕಿದ್ದಾರೆ. ಆ ಯಂತ್ರವನ್ನೂ ತೆಗೆದುಬಿಟ್ಟಿದ್ದಾರೆ."

"ನಾನು ಹೋಗ್ಬಹುದಾ ಸಾರ್?" ಎಂದ ಅಣ್ಣ.

ಹದಿನೈದು ದಿನದ ನಂತರ ಕಾಗದ ಬಂತು. ದೂರಿಗೆ ಆಧಾರವಿಲ್ಲ, ಹಿಂದಿನ ವರದಿಯನ್ನು ಬದಲಾಯಿಸುವ ಕಾರಣ ಕಾಣುವುದಿಲ್ಲ ಎಂದು ಎರಡೇ ಸಾಲು.

ಆ ಭಾನುವಾರ ಅತ್ತಿಗೆ ಬಂದಳು, ಒಬ್ಬಳೇ. ಅದೇ ಹಣ್ಣಿನ ಚೀಲ ಅವಳ ಕೈಯಲ್ಲಿತ್ತು. ಹೊಸ್ತಿಲ ಹೊರಗೇ ನಿಂತು ಮಾತಾಡಿದಳು.

"ಅವರು ಸರಿಯಾಗಿ ಉಣ್ತಿಲ್ಲ. ಯಾರ ಹತ್ರನೂ ಮಾತಿಲ್ಲ. ನಿನ್ನನ್ನ ಹೆತ್ತ ಮಗಳ ಥರ ಸಾಕಿದವರು. ಅವರನ್ನ ಹೋಗಿ ಆ ಹುಡುಗನ ಮುಂದೆ ಕಳ್ಳನ ಹಾಗೆ ನಿಲ್ಲಿಸಿದೆಯಲ್ಲ, ನಿನ್ನ ಲೆಕ್ಕದಿಂದ ಯಾರಿಗೆ ಏನು ಸಿಕ್ತು?"

"ಅವನೇ ಸುಳ್ಳು ಹೇಳಿದ ಅತ್ತಿಗೆ."

"ಹೇಳಿದ್ರು. ಇನ್ನೇನು ಹೇಳಬೇಕಿತ್ತು? ನಾವು ಬೀದಿಗೆ ಬರ್ಬೇಕಿತ್ತಾ?" ಅತ್ತಿಗೆ ಚೀಲವನ್ನು ಬಾಗಿಲ ಪಕ್ಕದಲ್ಲಿಟ್ಟು ಹೊರಟಳು. ಅವಳು ಅದನ್ನು ಎತ್ತಿಕೊಂಡು ಹಿಂದೆ ಓಡಿ ವಾಪಸ್ ಕೊಟ್ಟಳು. ಬೀದಿಯ ನಡುವೆ ಇಬ್ಬರೂ ಚೀಲವನ್ನು ಆಚೆ ಈಚೆ ತಳ್ಳಾಡಿದರು. ಕೊನೆಗೆ ಅತ್ತಿಗೆಯೇ ಸೋತು ಒಯ್ದಳು.

*

ಆಮೇಲೆ ಅಣ್ಣ ಬರಲಿಲ್ಲ. ಅವಳು ಪರೀಕ್ಷೆ ಬರೆದು ಪಾಸಾದಳು, ಭೌತಶಾಸ್ತ್ರದಲ್ಲಿ ತರಗತಿಗೇ ಹೆಚ್ಚು ಅಂಕ ಬಂತು. ಲ್ಯಾಬ್ ಅಸಿಸ್ಟೆಂಟ್ ಆದಳು. ಮೇಷ್ಟ್ರು ಹೋಗಿ ಪ್ರಿನ್ಸಿಪಾಲರಿಗೆ ಹೇಳಿ ಅವಳಿಗೊಂದು ಮೇಜು ಹಾಕಿಸಿದರು. ಆದೇಶ ಕೈಗೆ ಬಂದ ದಿನ ಯಾರಿಗೆ ಮೊದಲು ಹೇಳಬೇಕು ಎಂದು ಯೋಚಿಸಿದಾಗ ಅಣ್ಣನ ಮುಖವೇ ಕಣ್ಣ ಮುಂದೆ ಬಂತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಗಂಡ ಹೊರಗೆ ಹೋಗತೊಡಗಿದ್ದ. ದಿನವೂ ನಾಲ್ಕು ಗಂಟೆಗೆ ಅಂಗಿ ಬದಲಿಸಿ ಚಹಾದಂಗಡಿಗೆ ಹೋಗುತ್ತಿದ್ದ. ಅಲ್ಲಿ ಯಾರು ಸಿಕ್ಕರೂ ಚಕ್ರದ ಕಥೆ. ಹಳೆಯ ಜೊತೆಗಾರರು, ಪಕ್ಕದ ಬೀದಿಯ ದರ್ಜಿ, ಕೊನೆಗೆ ಗುರುತಿಲ್ಲದವರೂ ಅದನ್ನು ಕೇಳಿದರು. ಮೇಜಿನ ಮೇಲೆ ಚಹಾದ ಹನಿಯಿಂದ ಚಕ್ರ ಬರೆದು, ಪುಲ್ಲಿ ಬರೆದು ತೋರಿಸುತ್ತಿದ್ದ. ಮೊದಲು ಜನ ಅಯ್ಯೋ ಪಾಪ ಎಂದರು. ಮೂರನೆಯ ಸಲ, ನಾಲ್ಕನೆಯ ಸಲ ಕೇಳಿದವರು ಲೋಟ ಕೈಯಲ್ಲಿ ಹಿಡಿದುಕೊಂಡೇ ಬೇರೆ ಮೇಜಿಗೆ ಹೋದರು. ಅವನು ಅದನ್ನು ಗಮನಿಸಿದನೋ ಇಲ್ಲವೋ, ಹೇಳುವುದನ್ನಂತೂ ನಿಲ್ಲಿಸಲಿಲ್ಲ.

ಮನೆಯಲ್ಲಿ ಮಾತ್ರ ಮಾತು ಮೊದಲಿಗಿಂತ ಕಡಿಮೆಯಾಗಿತ್ತು. ಒಂದು ಸಂಜೆ ಅವಳೇ ಹತ್ತಿರ ಹೋಗಿ ಕೂತಳು.

"ನಾನು ಹಾಗೆಲ್ಲ ಅನ್ನಬಾರದಿತ್ತು. ನಂಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ, ಹೌದು" ಎಂದ. "ವರದಿ ಬರೆದವರಿಗೂ ಗೊತ್ತಿರಲಿಲ್ಲ."

"ಅಣ್ಣನಿಗೆ ಗೊತ್ತಿತ್ತಲ್ಲ. ಅವನ ಮೇಲೆ ನಿಮಗೆ ಇಷ್ಟು ಸಿಟ್ಟಿಲ್ಲ."

ಅವನು ಮನಸ್ಸು ನೋಯಿಸಬೇಕೆಂದು ಹೇಳಿದಂತಿರಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಹುಡುಕಿದವನಂತೆ ಹೇಳಿದ.

"ಭಾವ ಪುಲ್ಲಿ ಮುಚ್ಚಿಟ್ಟ, ಅಷ್ಟೇ. ತಪ್ಪು ನಂದು ಅಂತ ಅವನು ಒಂದು ದಿನಾನೂ ನನ್ನ ಮುಖಕ್ಕೆ ಹೇಳಿಲ್ಲ. ಈ ಮನೇಲಿ ಅದನ್ನ ಹೇಳ್ತಿದ್ದದ್ದು ನೀನೊಬ್ಬಳೇ."

ಅವಳು ಎದ್ದು ಒಳಗೆ ಹೋದಳು. ಅವಳಿಗೆ ಅಳು ಬರಲಿಲ್ಲ. ಅಂದ ಮಾತುಗಳು ಎಷ್ಟು, ಯಾವ ಯಾವ ದಿನ ಎಂದು ನೆನಪಿಸಿಕೊಳ್ಳಲು ಹೋಗಿ, ಮಧ್ಯದಲ್ಲೇ ಬಿಟ್ಟುಬಿಟ್ಟಳು.

ಕೆಲವು ದಿನ ಕಳೆದ ಮೇಲೆ ಕಾಲೇಜಿನಿಂದ ಬರುವಾಗ ಪಕ್ಕದ ಮನೆಯಾಕೆ ದಾರಿಯಲ್ಲಿ ತಡೆದಳು. "ನಿಮ್ಮ ಯಜಮಾನ್ರು ಚಹಾದಂಗಡೀಲಿ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದಂತೆ. ಇಡೀ ಕಾರ್ಖಾನೆಯ ಇಂಜಿನಿಯರುಗಳಿಗೆ ಆಗದ್ದನ್ನ ನನ್ನ ಹೆಂಡತಿ ಒಂದು ಹಾಳೇಲಿ ಮಾಡಿದ್ಲು ಅಂತ ಹೇಳ್ಕೊಂಡು ತಿರುಗ್ತಿದ್ದಾರೆ. ಇಂಥ ಗಂಡ ಯಾರಿಗಿದ್ದಾರೆ ಹೇಳಿ. ನಮ್ಮವರು ಅಡುಗೆ ಚೆನ್ನಾಗಿದೆ ಅಂತಾನೂ ಬಾಯಿ ಬಿಟ್ಟು ಹೇಳಲ್ಲ."

ಅವಳು ಹೌದೆಂದು ತಲೆಯಾಡಿಸಿ ಮನೆಯೊಳಗೆ ಬಂದಳು. ಅವನು ಆಗಲೇ ಬಂದು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವಳು ಕಾಲು ತೊಳೆದು, ಚಹಾ ಮಾಡಿ, ಅವನ ಕಣ್ಣಿಗೆ ಕಾಣುವ ಹಾಗೆ ಎಡಗಡೆಗೆ ತಂದಿಟ್ಟಳು.

ಅವನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಸಕ್ಕರೆ ಕಮ್ಮಿ" ಎಂದ.

ಅವಳು ಸಕ್ಕರೆ ಡಬ್ಬಿ ತರಲು ಒಳಗೆ ಹೋದಳು.